ಒಂಟಿಗೈ ಟೈಲರ್ ಹೂಡಿದ ಪಂದ್ಯ

ಅಂದು ಬೆಳಕು ಹರಿಯುವ ಮೊದಲೇ ಗಾಳಿ ಎದ್ದಿತ್ತು. ಮೋಡವಿಲ್ಲ, ಹನಿಯಿಲ್ಲ, ಬರೀ ಒಣಗಾಳಿ. ಟೆನಿಸ್ ಕ್ಲಬ್ಬಿನ ಅಂಗಣದ ಕೆಂಪು ಮಣ್ಣನ್ನೆಲ್ಲ ಎಬ್ಬಿಸಿ ಕುಡಿಯುವ ನೀರಿನ ಲೋಟಗಳಿಗೆ ತುಂಬಿತು. ಸಾಲದೆಂದು ಕ್ಲಬ್ಬಿನ ಕೋಣೆಯ ಕಿಟಕಿ ದಬ್ಬಿ ಒಳನುಗ್ಗಿ, ಗೋಡೆಯ ಮೇಲಿದ್ದ ಐದು ಪಟಗಳಲ್ಲಿ ನಡುವಿನದನ್ನು ಕೆಡವಿತು. ಕೆಡವಿದ್ದು ಗಾಳಿ; ಕೆರಳಿದ್ದು ಟೈಲರ್.

ಟೈಲರನಿಗೆ ಕ್ಲಬ್ಬಿನವರು ಇಟ್ಟ ಹೆಸರು ಒಂಟಿಗೈ. ಕೈಗಳೇನೋ ಎರಡೂ ನೆಟ್ಟಗಿದ್ದವು. ಆದರೆ ಎಡಮಗ್ಗುಲಿಗೆ ಬಂದ ಚೆಂಡಿನ ಬ್ಯಾಕ್‌ಹ್ಯಾಂಡ್ ಹೊಡೆತವನ್ನು ಒಂದೇ ಕೈಯಲ್ಲಿ ಹೊಡೆಯಬೇಕು, ಎರಡು ಕೈ ಹಾಕುವವರು ರ್ಯಾಕೆಟ್ ಬಿಟ್ಟು ಒನಕೆ ಹಿಡಿಯಲಿ ಎಂಬುದು ಅವನ ಮತ. ಆ ಐದು ಪಟಗಳನ್ನು ಪತ್ರಿಕೆಗಳಿಂದ ಕತ್ತರಿಸಿ, ಕಟ್ಟು ಹಾಕಿಸಿ, ಇಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ತೂಗುಹಾಕಿದವನು ಅವನೇ. ವಿಲಾಸ್, ಲೆಂಡ್ಲ್, ಕುಯರ್ಟೆನ್, ಹೆನಿನ್, ವಾವ್ರಿಂಕಾ: ಬೇಸ್‌ಲೈನ್ ಎಂಬ ಹಿಂದಿನ ಗೆರೆಯ ಮೇಲೆ ಬೇರುಬಿಟ್ಟು ನಿಂತು ಒಂಟಿ ಕೈಯಲ್ಲಿ ಲೋಕ ಗೆದ್ದವರು. ಒಬ್ಬೊಬ್ಬರಿಗೆ ಒಬ್ಬೊಬ್ಬ ದೇವರು. ಟೈಲರನಿಗೆ ಐವರು.

ಗಾಜು ಗುಡಿಸಲು ಬಂದ ಕಾರ್ಯದರ್ಶಿಗಳು ಗುಡಿಸುವುದು ಬಿಟ್ಟು ಗೋಡೆಯನ್ನು ಗೇಣಿನಲ್ಲಿ ಅಳೆಯತೊಡಗಿದರು.

"ಒಳ್ಳೇದೇ ಆಯ್ತು. ನೀರಿನ ಫಿಲ್ಟರ್ ಹಾಕೋಕೆ ಇದಕ್ಕಿಂತ ಸರಿಯಾದ ಜಾಗ ಇಲ್ಲ. ಪೈಪೂ ಈ ಕಡೆನೇ ಇದೆ."

"ಕುಯರ್ಟೆನ್ ನೆಲದ ಮೇಲೆ ಬಿದ್ದಿದ್ದಾನೆ, ನೀವು ಪೈಪ್ ಅಂತೀರಲ್ಲ!"

"ಹೇಗೂ ನಿನ್ನ ಪಟ್ಟಿನೇ ತಪ್ಪು ಕಣಯ್ಯ. ಸಾಂಪ್ರಸ್ ಎಲ್ಲಿ?"

"ಅವನು ಸರ್ವ್ ಮಾಡಿ ನೆಟ್ಟಿಗೆ ಓಡೋನು. ಇದು ಬೇಸ್‌ಲೈನಲ್ಲಿ ನಿಲ್ಲೋರ ಗೋಡೆ!"

"ಫೆಡರರ್?"

"ಅವನು ಎಲ್ಲ ಕಡೆನೂ ಇರೋನು. ಗಾಳಿಗೆ ಯಾರಾದ್ರೂ ಕಟ್ಟು ಹಾಕಿಸ್ತಾರೇನ್ರಿ?"

ಮೂಲೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಹಲ್ಲಿನ ಡಾಕ್ಟರು ತಲೆ ಎತ್ತಿದರು. ಹಲ್ಲು ಕೀಳುವಾಗಲೂ ನಗುವ ಮನುಷ್ಯ. "ಟೈಲರಣ್ಣ, ಕಾಲ ಬದಲಾಯ್ತು. ಈಗ ಎಲ್ರೂ ಎರಡು ಕೈನೇ. ನನ್ನನ್ನೇ ನೋಡಿ."

"ನೋಡೇಬಿಡ್ತೀನಿ! ಇವತ್ತು ನಾಲ್ಕು ಗಂಟೆಗೆ ಬನ್ನಿ. ಒಂದು ಸೆಟ್. ನಾನು ಸೋತ್ರೆ ಐದೂ ಪಟ ನಾನೇ ಇಳಿಸ್ತೀನಿ. ಗೆದ್ರೆ ಈ ಗೋಡೆ ಹತ್ರ ಯಾರೂ ಫಿಲ್ಟರ್ ಅಂತ ಉಸಿರೆತ್ತಬಾರದು!"

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಮಾಧಾನವಾದ ಮೇಲೆ ಚಿಗುರುವುದಿಲ್ಲ. ಕಾರ್ಯದರ್ಶಿಗಳು ಪಂದ್ಯದ ಸಂಗತಿಯನ್ನು ಆಗಲೇ ನೋಟೀಸ್ ಬೋರ್ಡಿಗೆ ಏರಿಸಿದ್ದರು.

ಅಂಗಡಿಗೆ ಹೋದ ಟೈಲರ್ ಬ್ಯಾಂಕ್ ಮ್ಯಾನೇಜರರ ಬಟ್ಟೆಯನ್ನು ಕಚಕಚನೆ ಕತ್ತರಿಸಿದ. ಗುಂಡಿ ಹಚ್ಚುತ್ತಿದ್ದ ಹೆಂಡತಿ ತುಂಡುಗಳನ್ನು ಎತ್ತಿ ನೋಡಿದಳು.

"ಏನ್ರೀ ಇದು? ಎರಡೂ ಬಲಗೈ ತೋಳು!"

"ಹಾಗಾದ್ರೆ ಅವರೂ ಎಡಗೈನ ಸುಮ್ನೆ ಇಟ್ಕೊಳ್ಳಲಿ!"

"ಯಾರದೋ ಪಟದ ಗಾಜು ಒಡೆದಿದ್ದಕ್ಕೆ ಇಷ್ಟು ಉರೀತೀರಿ. ನಮ್ಮ ಮದುವೆ ಫೋಟೋದ ಗಾಜು ಒಡೆದು ಮೂರು ವರ್ಷ ಆಯ್ತು."

ಟೈಲರ್ ಕತ್ತರಿ ಬಿಸುಟು ರ್ಯಾಕೆಟ್ ಎತ್ತಿಕೊಂಡ.

ನಾಲ್ಕಕ್ಕೆ ಇಡೀ ಕ್ಲಬ್ಬು ಸಕ್ಕರೆಗೆ ಇರುವೆ ಬಂದಂತೆ ನೆರೆದಿತ್ತು. ನಿವೃತ್ತ ಹೆಡ್‌ಮೇಷ್ಟ್ರು ಬುದ್ಧಿವಾದದೊಡನೆ ಬಂದರು. "ದೇವರು ಎರಡು ಕೈ ಕೊಟ್ಟಿರೋವಾಗ ಒಂದನ್ನ ಯಾಕಯ್ಯ ಕೂರಿಸಿ ಊಟ ಹಾಕ್ತೀಯ?"

"ದೇವರು ನಿಮಗೆ ಎರಡು ಕಿವಿನೂ ಕೊಟ್ಟಿದ್ದಾನೆ ಮೇಷ್ಟ್ರೇ, ಒಂದೂ ಕೇಳಿಸಲ್ಲ!"

ಮೇಷ್ಟ್ರಿಗೆ ಅದೂ ಕೇಳಿಸಲಿಲ್ಲ. ಟೈಲರನ ಮೊಣಕೈ ಹಿಡಿದು ನೋವಿನ ಮುಲಾಮನ್ನು ಗಸಗಸನೆ ತಿಕ್ಕಿದರು. ಎರಡನೆಯ ಆಟದಲ್ಲಿ ಟೈಲರ್ ಅದೇ ತೋಳಿನಿಂದ ಹಣೆಯ ಬೆವರು ಒರೆಸಿಕೊಂಡ. ಅಲ್ಲಿಂದ ಮುಂದೆ ಮೂರು ಆಟಗಳನ್ನು ಅವನು ಅಳುತ್ತಲೇ ಸೋತ. "ಪಾಪ, ಈಗಲೇ ಅಳ್ತಿದ್ದಾನೆ" ಎಂದರು ಯಾರೋ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಕಣ್ಣಿನ ಉರಿ ಹೊಟ್ಟೆಗಿಳಿಯಿತು. ಬಾಣಲೆಯಿಂದ ಸಿಡಿದ ಸಾಸಿವೆಯಂತೆ ಅಂಗಣದ ತುಂಬ ಓಡಿದ. ಒಂದೊಂದೇ ಆಟ ಗೆದ್ದು ಡಾಕ್ಟರ ಬೆನ್ನಟ್ಟಿದ.

ಕೊನೆಗೆ ಐದು–ಆರು. ಸರ್ವ್ ಟೈಲರನದು. ಇನ್ನೊಂದು ಪಾಯಿಂಟ್ ಹೋದರೆ ಸೆಟ್ ಡಾಕ್ಟರದು, ಗೋಡೆ ಫಿಲ್ಟರಿನದು.

ಟೈಲರ್ ಇದ್ದಬದ್ದ ಸಿಟ್ಟನ್ನೆಲ್ಲ ಒಂದು ಹೊಡೆತದಲ್ಲಿ ಹಾಕಿ ಚೆಂಡನ್ನು ಡಾಕ್ಟರ ಎಡತುದಿಗೆ ಕಳಿಸಿದ. ಡಾಕ್ಟರು ಓಡಿದರು. ಆಗ ಎಲ್ಲರೂ ಕಂಡ ಹಾಗೆ ಅವರ ಎಡಗೈ ರ್ಯಾಕೆಟ್ ಬಿಟ್ಟಿತು. ಬಲಗೈಯೊಂದೇ, ಬಾಗಿಲು ತೆರೆದಂತೆ, ಬಿಚ್ಚಿಕೊಂಡಿತು. ಚೆಂಡು ನೆಟ್ಟಿನ ಅಂಚು ಸವರಿಕೊಂಡು ಬಂದು ಪಕ್ಕದ ಗೆರೆಯ ಮೇಲೆ ಬಿದ್ದು ಚಿಟಿಕೆ ಸುಣ್ಣ ಹಾರಿಸಿ ಹೋಯಿತು. ಗೆರೆ ಮುಟ್ಟಿದರೂ ಚೆಂಡು ಒಳಗೇ ಲೆಕ್ಕ. ಗೋಡೆಯ ಐವರೂ ಕೂಡಿ ಹೊಡೆದಿದ್ದರೂ ಅದಕ್ಕಿಂತ ಚೆಂದ ಬರುತ್ತಿರಲಿಲ್ಲ.

ಅಂಥದೊಂದು ಹೊಡೆತವನ್ನು ಈ ಅಂಗಣದಲ್ಲಿ ಕಾಣಬೇಕೆಂದು ಟೈಲರ್ ಇಪ್ಪತ್ತು ವರ್ಷ ಕಾದಿದ್ದ. ಅದು ಬಂದದ್ದು ಈ ಮನುಷ್ಯನ ಕೈಯಿಂದ, ಈ ಗಳಿಗೆಯಲ್ಲಿ! ಮೈಯೆಲ್ಲ ಹೊತ್ತಿ ಉರಿಯಿತು.

"ಔಟ್!" ಎಂದು ಕಿರುಚಿದ.

ಕ್ಲಬ್ಬಿನಲ್ಲಿ ಅಂಪೈರ್ ಎಂಬವನಿಲ್ಲ. ಚೆಂಡು ಯಾರ ಕಡೆ ಬಿತ್ತೋ ಅವರ ಮಾತೇ ತೀರ್ಪು. ಅನುಮಾನವಿದ್ದರೆ ಎದುರಾಳಿ ಬಂದು ಮಣ್ಣಿನಲ್ಲಿ ಚೆಂಡಿನ ಗುರುತು ನೋಡಬಹುದು. ಟೈಲರನ ಬೂಟು ಆ ಗುರುತನ್ನು ಆಗಲೇ ಒರೆಸಿತ್ತು. ಡಾಕ್ಟರು ಮಾತ್ರ ನಿಂತಲ್ಲೇ ನಿಂತಿದ್ದರು, ಎಡಗೈ ಅಂಗಿಯೊಳಗೆ ಸೊಂಟದ ಮೇಲೆ.

"ನೀವು ಹೇಳಿದ ಮೇಲೆ ಮುಗೀತು, ಅಣ್ಣ. ಆಡಿ."

ಈ ಒಳ್ಳೆಯತನ ಟೈಲರನ ಸಿಟ್ಟಿಗೆ ತುಪ್ಪ ಹೊಯ್ದಿತು. ನೆಟ್ಟಿನ ಬಳಿಗೆ ನುಗ್ಗಿ, "ಬಂದು ಗುರುತು ನೋಡ್ರಿ!" ಎಂದು ಗದರಿದ. ಒರೆಸಿದ ಗುರುತನ್ನು ತೋರಿಸುವಷ್ಟು ಕೋಪ! "ಒಂಟಿ ಕೈ ಹೊಡೆತ ಯಾವಾಗ ಕಲಿತ್ರಿ? ನನ್ನ ನೋಡಿ ಕದ್ರಾ?"

ಡಾಕ್ಟರು ಅಷ್ಟಷ್ಟೇ ಹೆಜ್ಜೆಯಿಡುತ್ತ ಹತ್ತಿರ ಬಂದರು.

"ಮೆಲ್ಲಗೆ ಮಾತಾಡಿ ಅಣ್ಣ. ಕಲಿತದ್ದಲ್ಲ. ಚಡ್ಡಿ ಜಾರ್ತಾ ಇತ್ತು. ಎಡಗೈಲಿ ಅದನ್ನ ಹಿಡ್ಕೊಂಡೆ, ಇನ್ನೊಂದು ಕೈ ಏನು ಮಾಡ್ತೋ ನನಗೇ ಗೊತ್ತಿಲ್ಲ. ಸೊಂಟದ ಹೊಲಿಗೆ ಬಿಚ್ಚಿಹೋಗಿದೆ."

"ಥೂ! ಯಾವ ಅಡ್ಡಕಸಬಿ ಹೊಲಿದದ್ದು ಅದನ್ನ?"

ಡಾಕ್ಟರು ಅಂಗಿಯ ತುದಿ ಎತ್ತಿ ಸೊಂಟಪಟ್ಟಿಯ ಒಳಮೈ ಮಗುಚಿ ತೋರಿಸಿದರು. ಅಲ್ಲಿ ಕೆಂಪು ದಾರದಲ್ಲಿ ಟೈಲರನ ಅಂಗಡಿಯ ಹೆಸರಿನ ಚೀಟಿ.

"ಹೋದ ವಾರ ಕೊಟ್ರಲ್ಲ, ಅದೇ. ಗುರುತು ನೋಡೋಕೆ ಅಲ್ಲಿವರೆಗೆ ಬಂದಿದ್ರೆ ಇದು ಎಲ್ಲರಿಗೂ ಕಾಣೋದು. ನಿಮ್ಮ ಅಂಗಡಿ ಮಾನ ಯಾಕೆ ಕಳೀಲಿ ಅಂತ ಸುಮ್ನಾದೆ."

ಟೈಲರ್ ಬಾಯಿ ತೆರೆದ. ಬೈಯಲು ಯಾರೂ ಉಳಿದಿರಲಿಲ್ಲ. ತಿರುಗಿ, ಭಾರದ ಹೆಜ್ಜೆಯಲ್ಲಿ ಗೆರೆಗೆ ಬಂದು ನಿಂತ.

ಲೆಕ್ಕ ಸಮಸಮ. ಈಗ ಸತತ ಎರಡು ಪಾಯಿಂಟ್ ಪಡೆದವರದು ಈ ಆಟ; ಡಾಕ್ಟರು ಪಡೆದರೆ ಸೆಟ್ಟೂ ಅವರದೇ. ಟೈಲರ್ ಚೆಂಡು ಮೇಲೆಸೆದು ಹೊಡೆದ; ನೆಟ್ಟಿಗೆ ಬಿತ್ತು. ಎರಡನೆಯ ಸರ್ವೂ ಅಲ್ಲಿಗೇ ಬಿತ್ತು. ಒಂದು ಪಾಯಿಂಟ್ ಡಾಕ್ಟರಿಗೆ ಸಂದಿತು.

"ಏನಾಯ್ತೋ ನಿನಗೆ?" ಕಾರ್ಯದರ್ಶಿಗಳು ಕೂಗಿದರು.

ಮೂರನೆಯದೂ ನೆಟ್ಟಿಗೆ. ಇನ್ನೊಂದು ಬಿದ್ದರೆ ಸೆಟ್ ಹೋಯಿತು.

"ಒಂದು ಕೈ ಸಾಲಲ್ಲ ಕಣಯ್ಯ! ಸರ್ವನ್ನಾದ್ರೂ ಎರಡು ಕೈಲಿ ಹೊಡಿ!" ಹೆಡ್‌ಮೇಷ್ಟ್ರು ಬೊಬ್ಬೆ ಹಾಕಿದರು. ಇಡೀ ಕ್ಲಬ್ಬು ಹೊಟ್ಟೆ ಹಿಡಿದು ನಕ್ಕಿತು.

ಟೈಲರ್ ಯಾರ ಕಡೆಗೂ ತಿರುಗಲಿಲ್ಲ. ಎದುರಿಗೆ ಎಡಗೈ ಸೊಂಟದ ಮೇಲಿಟ್ಟು ನಿಂತಿದ್ದ ಡಾಕ್ಟರನ್ನು ಒಮ್ಮೆ ನೋಡಿದ. ಆಮೇಲೆ ನಾಲ್ಕನೆಯ ಚೆಂಡನ್ನು, ನಿದ್ದೆಹೋದ ಮಗುವನ್ನು ಹಾಸಿಗೆಗಿಳಿಸುವ ಹಾಗೆ ಮೆತ್ತಗೆ, ನೆಟ್ಟಿನ ನಟ್ಟನಡುವಿಗೆ ಇಟ್ಟ.