ಮೇಸ್ತ್ರಿಯ ಬಹುವಚನ

ಎಲ್ಲ ರಗಳೆ ಶುರುವಾದದ್ದು ಒಂದು ಚಿಲಕದಿಂದ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಹೆಂಗಸರ ಕಕ್ಕಸಿನ ಬಾಗಿಲ ಚಿಲಕ ಕಿತ್ತುಹೋಗಿ ಯಾವ ಕಾಲವಾಗಿತ್ತೋ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಕೆಲಸ ಬಿಟ್ಟು ಹೊರಗೆ ಕಾವಲು ನಿಲ್ಲಬೇಕು. ಇಸ್ತ್ರಿ ವಿಭಾಗದ ಮೇಸ್ತ್ರಿ ಮ್ಯಾನೇಜರಿಗೆ ಹೇಳಿ ಹೇಳಿ ಸಾಕಾದ. ಮೊದಲೇ ಅವನಿಗೆ ಮೂಗಿನ ತುದಿಯಲ್ಲಿ ಕೋಪ. ಕೊನೆಗೊಂದು ದಿನ ಅದು ನಾಲಿಗೆಗೆ ಇಳಿಯಿತು.

"ಲೋ, ನಿನ್ನ ಕಕ್ಕಸಿಗೆ ಚಿಲಕ ಇಲ್ದಿದ್ರೆ ಇಷ್ಟು ದಿನ ಬಿಗಿಹಿಡ್ಕೊಂಡು ಕೂತಿರ್ತಿದ್ಯೇನೋ?" ಎಂದು ಎಲ್ಲರೆದುರು ಕೇಳಿಬಿಟ್ಟ.

ದೂರು ಸರ್ವಸಮಾನ ಸಮಿತಿಗೆ ಹೋಯಿತು. 'ನಾವೆಲ್ಲ ಒಂದೇ ಕುಟುಂಬ' ಎಂದು ಗೋಡೆ ಗೋಡೆಗೂ ಫಲಕ ಹೊಡೆಸಿದ್ದ ಸಮಿತಿ ಅದು. ಅವರು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಚರ್ಚಿಸಿದರು. ಚಿಲಕದ ಬಗ್ಗೆ ಅಂದುಕೊಂಡಿರಾ? ಅಲ್ಲ ಸ್ವಾಮಿ, 'ಲೋ' ಬಗ್ಗೆ.

ಮರುದಿನ ಬೆಳಗ್ಗೆ ಸಮಿತಿಯ ಮೇಡಂ ಮೇಸ್ತ್ರಿಯನ್ನು ಕರೆಸಿದರು.

"ಬನ್ನಿ, ಕೂತ್ಕೊಳ್ಳಿ. ನಮ್ಮದು ಎಲ್ಲರನ್ನೂ ಒಳಗೊಳ್ಳೋ ಸಂಸ್ಥೆ. ಊರು ಬೇರೆ ಇರಬಹುದು, ಭಾಷೆ ಬೇರೆ ಇರಬಹುದು, ಗೌರವ ಎಲ್ಲರಿಗೂ ಒಂದೇ. ಆದ್ದರಿಂದ ಇವತ್ತಿಂದ ಇಲ್ಲಿ ಏಕವಚನ ನಿಷೇಧ."

"ಆಯ್ತು ಮೇಡಂ. ಚಿಲಕ?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಸಂಜೆ ಮಾಲೀಕರು ಬರ್ತಾರೆ. ಅಷ್ಟರೊಳಗೆ ನಿಮ್ಮ ಬಾಯಿಂದ ಒಂದೇ ಒಂದು 'ನೀನು' ಬಿದ್ರೂ ನಾಳೆಯಿಂದ ನೀವು ಕೊಳೆ ಕೋಣೆಗೆ."

ಮೇಸ್ತ್ರಿಯ ಜೀವ ಝಲ್ಲೆಂದಿತು. ಕೊಳೆ ಕೋಣೆಯೆಂದರೆ ಆಸ್ಪತ್ರೆಯಿಂದ ಬಂದ ಬಟ್ಟೆಯ ಗಂಟು ಬಿಚ್ಚಿ, ರಕ್ತದ್ದು ಬೇರೆ, ವಾಂತಿಯದು ಬೇರೆ ಎಂದು ವಿಂಗಡಿಸುವ ಜಾಗ. ಅಲ್ಲಿನ ವಾಸನೆ ಎರಡು ಸ್ನಾನಕ್ಕೂ ಜಗ್ಗುವುದಿಲ್ಲ. "ಅಲ್ಲಿಗೇನಾದ್ರೂ ಹಾಕಿಸ್ಕೊಂಡು ಬಂದ್ರೆ ನಿಮ್ಮ ಚಾಪೆ ಮೆಟ್ಟಿಲ ಕೆಳಗೆ" ಎಂದು ಹೆಂಡತಿ ಎಂದೋ ಹೇಳಿಟ್ಟಿದ್ದಳು. ಅವಳು ಸುಮ್ಮನೆ ಹೇಳುವ ಪೈಕಿ ಅಲ್ಲ.

ಸುದ್ದಿ ಆವಿಗಿಂತ ಬೇಗ ಲಾಂಡ್ರಿ ತುಂಬಿತು. ಇಷ್ಟು ವರ್ಷ ಅವನ ಬಾಯಿಗೆ ಬಲಿಯಾದವರೆಲ್ಲ ಒಬ್ಬೊಬ್ಬರಾಗಿ ಇಸ್ತ್ರಿ ವಿಭಾಗಕ್ಕೆ ಬಂದು ಕೆಣಕತೊಡಗಿದರು. ಬಾಯ್ಲರಿನವನು ಬೇಕೆಂದೇ ಆವಿ ನಿಲ್ಲಿಸಿ, "ಏನಾದ್ರೂ ಅಂದ್ರಾ ಮೇಸ್ತ್ರಿಗಳೇ?" ಎಂದು ಕೇಳಿದ. ಯಾರಿಗಾಗಿ ಚಿಲಕದ ಜಗಳ ಆಡಿದ್ದನೋ ಆ ಬಟ್ಟೆ ಮಡಿಸುವ ಅಕ್ಕ ಕೂಡ ಮಡಿಸಿದ ರಾಶಿಯನ್ನು ಅವನ ಕಣ್ಣೆದುರೇ ಕೆಡವಿ, "ಅಯ್ಯೋ, ಬಿದ್ದೋಯ್ತು!" ಎಂದು ಹಲ್ಲು ಕಿಸಿದಳು. ಉಪಕಾರದ ನೆನಪು ಅಷ್ಟು ಹೊತ್ತೇ ಇರುವುದು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಮೇಸ್ತ್ರಿ ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡು ನಿಂತ.

ಇವರೆಲ್ಲರನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಹೋದದ್ದು ಹೊಸಬನನ್ನು.

ಹೊಸಬ ಎಲ್ಲಿಂದಲೋ ಬಂದವನು. ಬಂದಾಗ ಇಲ್ಲಿನ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಸಮಿತಿಯವರು ಅವನ ಕೈಗೊಂದು ಹೂಗುಚ್ಛ ಕೊಟ್ಟು, ಫೋಟೋ ಹಿಡಿದು, ಮರೆತೇಬಿಟ್ಟರು. ಸಾಕಿದವನು ಮೇಸ್ತ್ರಿ. "ಏಯ್ ದನ, ಹಿಂದಕ್ಕೆ ನಿಂತ್ಕೋ, ಕೈ ಸುಟ್ಕೋತೀಯ!" ಎಂದು ಕೆಲಸ ಕಲಿಸಿದ. "ಲೇ ಕತ್ತೆ, ಊಟ ಮಾಡಿದ್ಯೇನೋ? ತಗೋ, ತಿನ್ನು" ಎಂದು ತನ್ನ ಡಬ್ಬಿಯನ್ನೇ ಮುಂದಕ್ಕೆ ತಳ್ಳಿದ. ಹೊಸಬ ಅಷ್ಟಿಷ್ಟು ಮಾತು ಕಲಿತದ್ದು ಹಾಗೆ. ಕತ್ತೆ, ದನ ಅಂದರೇನು ಎಂದು ಯಾರನ್ನೂ ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

ಅವತ್ತು ಅವನು ಒದ್ದೆ ಚಾದರವನ್ನು ಇಸ್ತ್ರಿ ಯಂತ್ರಕ್ಕೆ ಓರೆಯಾಗಿ ಕೊಟ್ಟುಬಿಟ್ಟ. ಅದು ಉರುಳೆಗೆ ಸುತ್ತಿಕೊಂಡು ಹೊಗೆ ಎದ್ದಿತು.

"ನೀ..." ಎಂದು ಮೇಸ್ತ್ರಿ ಗುಡುಗಿದ. ಇಡೀ ವಿಭಾಗ ಕೈಕೆಲಸ ನಿಲ್ಲಿಸಿ ಕಿವಿ ನೆಟ್ಟಿತು. ಮೆಟ್ಟಿಲ ಕೆಳಗಿನ ಚಾಪೆ ಅವನ ಕಣ್ಣಿಗೆ ಕಟ್ಟಿತು.

"...ವು! ನೀವು! ದಯವಿಟ್ಟು! ತಾವು ಆ ಕೆಂಪು ಗುಂಡಿ ಒತ್ತೋ ಕೃಪೆ ಮಾಡ್ತೀರಾ?"

ಕಣ್ಣು ಕೆಂಡ, ಕತ್ತಿನ ನರ ಹಗ್ಗ, ಹಲ್ಲು ಕಟಕಟ. ಹೊಸಬನ ಮುಖ ಬಿಳುಚಿಕೊಂಡಿತು. ಗಾಬರಿಯಲ್ಲಿ ಗುಂಡಿ ಬಿಟ್ಟು ಪಕ್ಕದ ನಲ್ಲಿ ತಿರುಗಿಸಿದ. ಬಿಸಿನೀರು ಮೇಸ್ತ್ರಿಯ ಪಾದದ ಮೇಲೆಯೇ ಸುರಿಯಿತು.

"ದಯವಿಟ್ಟೂ!" ಎಂಬ ಅವನ ಕೂಗಿಗೆ ಮೇಲಿನ ತಗಡು ನಡುಗಿತು. "ತಾವು! ತಾವು!" ಎನ್ನುತ್ತ ಒಂದೇ ಕಾಲಿನಲ್ಲಿ ಕುಣಿದ. ನೋಡುತ್ತಿದ್ದವರು ನಕ್ಕು ನಕ್ಕು ಚಾದರದ ರಾಶಿಯ ಮೇಲೆ ಉರುಳಿದರು. ನಗದವನು ಹೊಸಬನೊಬ್ಬನೇ.

ಊಟದ ಹೊತ್ತಿಗೆ ಮೇಸ್ತ್ರಿ ಕುಂಟುತ್ತ ಬಂದು, ಸುತ್ತ ಕಿವಿಗಳಿವೆಯೆಂದು ನೋಡಿ, ಡಬ್ಬಿ ಮುಂದಿಟ್ಟು, "ತಾವು ಸ್ವೀಕರಿಸಿ" ಎಂದು ಹಲ್ಲು ಕಡಿದ. ಹೊಸಬ ಮುಟ್ಟಲಿಲ್ಲ. ಕಣ್ಣು ಒರೆಸಿಕೊಂಡು ಎದ್ದುಹೋದ. ಇವನಿಗೇನು ದೊಡ್ಡ ರೋಗ ಎಂದುಕೊಂಡ ಮೇಸ್ತ್ರಿ. ಆದರೂ ತಾನೂ ಉಣ್ಣದೆ ಡಬ್ಬಿ ಮುಚ್ಚಿಟ್ಟ.

ಅಂತೂ ಸಂಜೆಯಾಯಿತು. ಮಾಲೀಕರು ಬಂದರು, ಜೊತೆಗೆ ಫೋಟೋದವನು ಬಂದ. ಇನ್ನು ಇವರು ಬಾಗಿಲು ದಾಟಿದರೆ ಗೆದ್ದೆ ಎಂದು ಮೇಸ್ತ್ರಿ ಉಸಿರು ಬಿಗಿಹಿಡಿದು ನಿಂತ. ಮಾಲೀಕರು ನೇರ ಹೊಸಬನ ಹತ್ತಿರ ಹೋಗಿ, ಒಂದು ಕೈ ಯಂತ್ರದ ಮೇಲೂರಿ, ಇನ್ನೊಂದನ್ನು ಅವನ ಹೆಗಲ ಮೇಲಿಟ್ಟು ನಕ್ಕರು.

"ಹೇಗಿದ್ದೀರಿ? ನಮ್ಮ ಭಾಷೆ ಬಂತಾ?"

ಹೊಸಬ ಬೆಳಗಿನಿಂದ ಮೊದಲ ಸಲ ನಕ್ಕ. ತನಗೆ ಗೊತ್ತಿದ್ದ ಅತಿ ಒಳ್ಳೆಯ ಮಾತುಗಳನ್ನೆಲ್ಲ ಒಟ್ಟುಮಾಡಿದ.

"ಬಂದ್ಯೇನೋ ಕತ್ತೆ! ಊಟ ಮಾಡಿದ್ಯಾ? ಹಿಂದಕ್ಕೆ ನಿಂತ್ಕೋ ದನ, ಕೈ ಸುಟ್ಕೋತೀಯ!"

ಫೋಟೋದವನ ಕೈಯಲ್ಲಿ ಕ್ಯಾಮೆರಾ ಹಾಗೇ ನಿಂತಿತು.

"ಯಾವನೋ ನಿಂಗೆ ಇದನ್ನ ಕಲಿಸಿದ್ದು?" ಎಂದು ಮಾಲೀಕರು ಅರಚಿದರು. ಅದು ಶುದ್ಧ ಏಕವಚನ. ಆದರೆ ಮೇಡಂ ಆ ಕ್ಷಣದಲ್ಲಿ ಗೋಡೆಯ ಫಲಕ ಓದುತ್ತಿದ್ದರು.

"ಇವನೇ ಕಣೋ, ನನ್ನ ಗುರು!" ಹೊಸಬ ಹೆಮ್ಮೆಯಿಂದ ಮೇಸ್ತ್ರಿಯ ಕೈ ಹಿಡಿದ. ತಕ್ಷಣ ದನಿ ಇಳಿಯಿತು. "ಇವತ್ತು ಮಾತ್ರ ಇವನು ನಂಗೆ ಕೆಟ್ಟ ಕೆಟ್ಟ ಮಾತು ಅಂದ. ಆದ್ರೂ ನಾನು ನಿಂಗೆ ಅದನ್ನ ಅನ್ನಲ್ಲ."

ಮೇಡಂ ಚುರುಕಾದರು. "ಏನಂದ್ರು? ಹೇಳಿ, ಹೆದರಬೇಡಿ."

ಹೊಸಬ ಅತ್ತಿತ್ತ ನೋಡಿದ. ಹೆಂಗಸರಿದ್ದರು. ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

"ದಯವಿಟ್ಟು."

"ಮೇಡಂ, ಬೆಳಗ್ಗಿಂದ ನಾನು ಒಂದೂ ಏಕವಚನ ಆಡಿಲ್ಲ! ಬೇಕಾದ್ರೆ ಎಲ್ಲರನ್ನೂ ಕೇಳಿ!" ಮೇಸ್ತ್ರಿ ಹೆಚ್ಚುಕಡಿಮೆ ಅತ್ತೇಬಿಟ್ಟ.

"ಆಡಿಲ್ಲ, ಬಿತ್ತಿದ್ದೀರಿ" ಎಂದ ಮೇಡಂ ಮುಗುಳ್ನಕ್ಕರು. "ದಯವಿಟ್ಟು ತಾವು ನಾಳೆಯಿಂದ ಕೊಳೆ ಕೋಣೆಗೆ ದಯಮಾಡಿಸಬೇಕು."

ಹೊಸಬ ಅಂಗಿಯ ತೋಳು ಮಡಚಿ ಮುಂದೆ ನುಗ್ಗಿದ. "ಏಯ್! ನನ್ನ ಗುರುಗೆ ಅಷ್ಟು ಕೆಟ್ಟದಾಗಿ ಬೈತೀಯಾ?"

ಇಡೀ ಲಾಂಡ್ರಿಯಲ್ಲಿ ಮೇಡಂ ಮಾತಿನ ಅರ್ಥ ಸರಿಯಾಗಿ ತಿಳಿದವನು ಅವನೊಬ್ಬನೇ. ಅದಕ್ಕೆ ಅವನಿಗೂ ಕೊಳೆ ಕೋಣೆಯೇ ಆಯಿತು.

ಮರುದಿನ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಂಟು ಬಿಚ್ಚುತ್ತ ಕೂತರು. ರಾತ್ರಿಯೆಲ್ಲ ಮೆಟ್ಟಿಲ ಕೆಳಗೆ ಮುದುರಿ ಮಲಗುವ ಅಭ್ಯಾಸ ಮಾಡಿಕೊಂಡು ಬಂದಿದ್ದ ಮೇಸ್ತ್ರಿಯ ಸೊಂಟ ಹಿಡಿದಿತ್ತು. ಅಷ್ಟರಲ್ಲಿ ಬಡಗಿ ಬಂದ. ಬಹಳ ದಿನದಿಂದ ಕೇಳುತ್ತಿದ್ದ ಹೊಸ ಚಿಲಕ ಕೊನೆಗೂ ಬಂದಿತ್ತು. ಒಳಗಿನ ಮಾತು ಹೊರಗೆ ಬೀಳದಂತೆ ಬಾಗಿಲು ಭದ್ರವಾಗಿರಲಿ ಎಂದು ಸಮಿತಿ ತೀರ್ಮಾನಿಸಿ, ಅದನ್ನು ಕೊಳೆ ಕೋಣೆಯ ಬಾಗಿಲಿಗೆ ಹಾಕಿಸಿತು. ಹೊರಗಡೆಯಿಂದ.

ಚಿಲಕ ಬಿದ್ದ ಸದ್ದು ಕೇಳಿ ಮೇಸ್ತ್ರಿ ಎದ್ದು ನಿಂತ. ನಿನ್ನೆಯಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಲೇ ಹೊರಬಂತು.

"ಎಲ್ಲಾ ನಿನ್ನಿಂದಾನೇ ಕಣೋ, ಕತ್ತೆ!"

ಬಟ್ಟೆ ಕಟ್ಟಿದ್ದರೂ ಹೊಸಬನ ಮುಖ ಅರಳಿದ್ದು ಕಾಣಿಸಿತು.

"ಕೋಪ ಹೋಯ್ತೇನೋ?" ಎಂದು ಕೇಳಿ, ಅವನು ಮೇಸ್ತ್ರಿಯ ಡಬ್ಬಿಗೆ ಕೈ ಹಾಕಿದ.