ಅಪ್ಪನ ಕೋಪದ ವೇಗ

...ಸಕ್ಕರೆಯೋ, ಉಪ್ಪೋ? ಅತ್ತೆ ಬೇಕೆಂದೇ ಅಪ್ಪನ ಕಾಫಿಗೆ ಸಕ್ಕರೆ ಕಡಿಮೆ ಮಾಡಿದಳು ಎಂದು ನನ್ನ ನೆನಪು. ಅಲ್ಲ, ಉಪ್ಪಿಟ್ಟಿಗೆ ಉಪ್ಪು ಸುರಿದಳು ಎಂದು ಅಮ್ಮ ಆಣೆ ಮಾಡುತ್ತಿದ್ದಳು. ಎರಡನ್ನೂ ನಾನು ನಂಬುವುದಿಲ್ಲ. ಆದರೆ ಇಡೀ ಜಯನಗರದಲ್ಲಿ ಸ್ವಂತ ಅಣ್ಣನ ಕೋಪವನ್ನು ಟೈಂಪೀಸ್ ಇಟ್ಟುಕೊಂಡು ಅಳೆದ ಹೆಂಗಸು ನಮ್ಮತ್ತೆ ಒಬ್ಬಳೇ. ಅದರಲ್ಲಿ ಅನುಮಾನವಿಲ್ಲ!

ಅರವತ್ತರ ದಶಕದ ಆರಂಭ. ನಾನು ಬಿ.ಎಸ್ಸಿ. ಎರಡನೇ ವರ್ಷ. ಕೊನೆಯ ವರ್ಷಕ್ಕೆ ಕಳಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದಿದ್ದರು. ಅತ್ತೆ ಅವರ ತಂಗಿ. ಮದುವೆಯಾಗದೆ ನಮ್ಮಲ್ಲೇ ಇದ್ದವಳು. ಇಂಟರ್‌ಮೀಡಿಯೆಟ್ಟಿನ ನಡುವೆ ಅವಳನ್ನು ಕಾಲೇಜು ಬಿಡಿಸಿದವರು ಇದೇ ಅಪ್ಪ. ಅದರ ಸಿಟ್ಟನ್ನೆಲ್ಲ ನನ್ನ ಪುಸ್ತಕ ಓದಿ ನನಗೇ ಕೆಮಿಸ್ಟ್ರಿ ಹೇಳಿಕೊಡುವುದರಲ್ಲಿ ತೀರಿಸಿಕೊಳ್ಳಬೇಕೆ?

ಒಂದು ದಿನ ನಾನು ಸಮೀಕರಣದಲ್ಲಿದ್ದ ಅಂಕಿಗಳನ್ನೇ ನೋಡಿ ರಾಸಾಯನಿಕ ಕ್ರಿಯೆಯ ವೇಗದ ಸೂತ್ರ ಬರೆದುಬಿಟ್ಟೆ.

"ಸಮೀಕರಣ ನೋಡಿ ವೇಗ ಹೇಳ್ತೀಯೇನೇ? ಜಾತಕ ನೋಡಿ ಸಂಸಾರ ಹೇಗಿರುತ್ತೆ ಅಂತ ಹೇಳ್ದಂಗೆ!" ಎಂದು ಅತ್ತೆ ತಲೆಗೆ ಮೊಟಕಿದಳು. "ಪ್ರಯೋಗ ಮಾಡು. ಒಂದು ಸಾಮಾನು ಮಾತ್ರ ಎರಡು ಪಟ್ಟು ಮಾಡು, ಮಿಕ್ಕಿದ್ದು ಮುಟ್ಬೇಡ. ವೇಗ ಹೆಚ್ಚಿದ್ರೆ ಅದಕ್ಕೆ ಲೆಕ್ಕ ಉಂಟು. ಹೆಚ್ಚದಿದ್ರೆ ಜೀರೋ ಆರ್ಡರ್, ಅಂದ್ರೆ ಅದು ಲೆಕ್ಕಕ್ಕೇ ಇಲ್ಲ."

"ಇಲ್ಲಿ ಲ್ಯಾಬ್ ಎಲ್ಲಿದೆ, ಅತ್ತೆ?"

"ನಿಮ್ಮಪ್ಪ ಇದಾನಲ್ಲ!"

ಹೀಗೆ ಶುರುವಾಯಿತು. ಮೊದಲು ಕಾಫಿ (ಅಥವಾ ಉಪ್ಪಿಟ್ಟು). ಆಮೇಲೆ ಪೇಪರ್ ಬಚ್ಚಿಟ್ಟದ್ದು. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ಟೈಂಪೀಸ್ ಹಿಡಿದು ನಿಲ್ಲುವಳು. ಏನು ಕೆಡಿಸಿದರೂ ಕೆಡಿಸದಿದ್ದರೂ ಅಪ್ಪ ಗುಡುಗುವುದಕ್ಕೆ ಅಷ್ಟೇ ಹೊತ್ತು!

"ಅಣ್ಣಂಗೆ ಕಾಫಿ ಲೆಕ್ಕಕ್ಕೇ ಇಲ್ಲ ಕಣೇ. ಪಾಪ, ಹೊಟ್ಟೆಬಾಕ ಅಂತ ಸುಮ್ಮನೆ ಬೈದೆ ಇಷ್ಟು ವರ್ಷ."

ಬೈಗುಳ ತಿಂದವಳು ಮಾತ್ರ ನಾನು! ಬಾಗಿಲ ಹಿಂದೆ ನಿಂತವರಿಗೇನು ಕಷ್ಟ?

ಕೊನೆಗೆ ನನ್ನ ಓದಿನ ಸರದಿ. ಒಂದು ಸಂಜೆ ಒಂದೇ ಪುಸ್ತಕ ಹಿಡಿದು ಹಾಲ್‌ನಲ್ಲಿ ಕೂತೆ, ಪಕ್ಕದಲ್ಲಿ ಅತ್ತೆ. ಮರುಸಂಜೆ ಪುಸ್ತಕದ ರಾಶಿ, ಪಕ್ಕದಲ್ಲಿ ಅತ್ತೆ. ಎರಡು ಸಲವೂ ಅಪ್ಪ ಚಪ್ಪಲಿ ಬಿಡುವ ಮೊದಲೇ ಅರಚಿದರು: "ಸಾಕು ಮಾಡು ಓದಿದ್ದು! ಓದಿ ಓದಿ ಇವಳ ಥರ ಆಗ್ಬೇಕಾ?"

ನಾನು ನಕ್ಕೆ. ಅತ್ತೆ ನಗಲಿಲ್ಲ. "ಇನ್ನೊಂದು ಸಾಮಾನು ತೆಗೆದು ನೋಡೋದಿದೆ," ಎಂದಳು.

ಮೂರನೆಯ ಸಂಜೆ ಅವಳು ಹಿತ್ತಲಿಗೆ ಹೋಗಿ ಕೂತಳು. ಅದೇ ರಾಶಿ, ಅದೇ ನಾನು. ಅಪ್ಪ ಬಂದರು, ನೋಡಿದರು, ಚಪ್ಪಲಿ ಬಿಟ್ಟರು. "ಲೈಟ್ ಹಾಕ್ಕೊಂಡು ಓದೇ. ಕಣ್ಣು ಹಾಳಾಗುತ್ತೆ," ಎಂದು ಒಳಗೆ ಹೋದರು. ಅಷ್ಟೇ! ಹಿತ್ತಲ ಬಾಗಿಲಲ್ಲಿ ಅತ್ತೆ ಟೈಂಪೀಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

ಸ್ವಲ್ಪ ದಿನಕ್ಕೆ ಅತ್ತೆ ಚಿಕ್ಕಲಸಂದ್ರದಲ್ಲಿದ್ದ ತನ್ನ ಅಕ್ಕನ ಮನೆಗೆ ಹೊರಟೇಬಿಟ್ಟಳು. ಆಗ ಅದು ಹೊಲಗಳ ನಡುವಿನ ಹಳ್ಳಿ. ಕಾಫಿ ವಿಷಯಕ್ಕೆ ಅಣ್ಣ ತಂಗಿ ಜಗಳವಾಡಿದರು ಎಂದು ಮನೆಯವರೆಲ್ಲ ಚೊಕ್ಕಟವಾಗಿ ಕಥೆ ಕಟ್ಟಿದರು. ಆ ಕಥೆ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಅಪ್ಪನ ಮೇಲೆ ಉರಿಯುತ್ತದೆ: ತಾವು ಓದು ಬಿಡಿಸಿದ ತಂಗಿ ದಿನಾ ಎದುರಿಗೆ ಕೂತಿದ್ದರೆ ನೋಡಲಾಗದ ಮನುಷ್ಯ ನನ್ನ ಮೇಲೆ ಅರಚಿದರಲ್ಲ! ಅತ್ತೆಯ ಮೇಲೆ ಇನ್ನೂ ಹೆಚ್ಚು. ತೆಗೆದುಹಾಕಲು ಅವಳೇನು ಸಾಮಾನೇ? ನನ್ನನ್ನೊಂದು ಮಾತು ಕೇಳಬೇಡವೇ?

ಜಟಕಾ ಹತ್ತುವಾಗ ನನ್ನ ಕೆನ್ನೆ ಹಿಂಡಿದಳು. "ಲೈಟ್ ಹಾಕ್ಕೊಂಡು ಓದೇ," ಎಂದಳು. ಅಪ್ಪನದೇ ಮಾತು, ಅಪ್ಪನದೇ ದನಿ.

ಅಪ್ಪ ಕೊನೆಯ ವರ್ಷಕ್ಕೆ ಕಳಿಸಿದರು. ನಾನು ಪಾಸಾದೆ. ಯಾಕೆ ಹೋದೆ ಎಂದು ಆಮೇಲೆ ಎಷ್ಟೋ ಸಲ ಅತ್ತೆಯನ್ನು ಕೇಳಿದೆ. "ಒಂದೇ ಸಲ ಮಾಡಿದ ಪ್ರಯೋಗ ನಂಬಬಾರ್ದು ಕಣೇ," ಎಂದು ಮಾತು ತೇಲಿಸುತ್ತಿದ್ದಳು. ನನಗಾಗಿ ಹೋದಳೋ, ಅಣ್ಣನ ಮನೆಯೇ ಸಾಕಾಗಿ ಹೋದಳೋ, ನನಗೆ ಗೊತ್ತಿಲ್ಲ.