ಮುಚ್ಚಳ ಬಿಗಿದ ಚಹಾ

ಅಳತೆ ಮಾಸ್ತರರಿಗೆ ಆಪತ್ತು ಬಂದದ್ದು ಒಂದು ಮುಚ್ಚಳದಿಂದ.

ಮಾಸ್ತರರೆಂದರೆ ಶಾಲೆಯವರಲ್ಲ. ಮರದ ಅಡ್ಡೆಯಲ್ಲಿ ದಿಮ್ಮಿಗಳಿಗೆ ಟೇಪು ಹಿಡಿದು ಅಳೆಯುವವರು. ಎಂಥ ಸೊಟ್ಟ ಮರವನ್ನಾದರೂ ಕಣ್ಣಳತೆಯಲ್ಲೇ ಹೇಳಬಲ್ಲ ಅವರಿಗೆ ದೇವರು ಧೈರ್ಯವನ್ನು ಮಾತ್ರ ಅಳೆದಳೆದು ಕೊಟ್ಟಿದ್ದ. ಯಜಮಾನರು ಕೆಮ್ಮಿದರೆ ಇವರಿಗೆ ಜ್ವರ ಬರುತ್ತಿತ್ತು. ಅಡ್ಡೆಯ ಬೇಲಿಯೊಳಗೆ ಬೆಂಕಿಕಡ್ಡಿ ಗೀರಿದವರಿಗೆ ಅಂದೇ ಕೆಲಸ ಕೊನೆ ಎಂಬುದು ಯಜಮಾನರ ಕಟ್ಟಪ್ಪಣೆ. ಹಿಂದೊಮ್ಮೆ ಸಿಗರೇಟು ಹಚ್ಚಿದ ಗರಗಸದವನು ಈಗ ಬಸ್‌ಸ್ಟ್ಯಾಂಡಿನಲ್ಲಿ ಬಾಚಣಿಗೆ ಮಾರುತ್ತಾನೆ. ಮಾಸ್ತರರು ಅವನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು.

ಇಂಥ ಮನುಷ್ಯ ಕದ್ದು ಚಹಾ ಕಾಯಿಸುತ್ತಿದ್ದರೆಂದರೆ ಯಾರೂ ನಂಬಲಾರರು. ವಿದ್ಯೆ ಕಲಿಸಿದವನು ಒಬ್ಬ ಲಾರಿ ಡ್ರೈವರು. "ಪಾತ್ರೆ ಯಾಕೆ ಮಾಸ್ತ್ರೇ? ನೀರಿನ ಸ್ಟೀಲ್ ಬಾಟ್ಲಿ ಇದ್ಯಲ್ಲ. ಮೂರು ಕಲ್ಲಿಡಿ, ಬಾಟ್ಲಿ ನಿಲ್ಲಿಸಿ, ಟೀ ಸೊಪ್ಪು, ಸಕ್ಕರೆ, ಒಂಚೂರು ಶುಂಠಿ. ಕುದಿ ಬಂದ್ರೆ ಸ್ವರ್ಗ," ಎಂದಿದ್ದ. ಅಡ್ಡೆಯ ಹಿಂಭಾಗದಲ್ಲಿ, ಮರದ ಹೊಟ್ಟಿನ ರಾಶಿಯಿಂದ ದೂರ, ತೊರೆಯ ಒದ್ದೆ ಮರಳಿನಲ್ಲಿ ಮಾಸ್ತರರು ಗುಂಡಿ ತೋಡಿದರು. ಸುತ್ತ ಮರಳಿನ ಏರಿ ಕಟ್ಟಿ, ಪಕ್ಕದಲ್ಲಿ ಬಕೆಟ್ ನೀರಿಟ್ಟರು. ಬಾಟಲಿಯ ಕುತ್ತಿಗೆಗೆ ಕರವಸ್ತ್ರ ಸುತ್ತಿ ಹಿಡಿದು, ಊದಿ ಊದಿ ಮೊದಲ ಗುಟುಕು ನುಂಗುವಾಗ ತಾವು ಯಾರ ಕೈಕೆಳಗೂ ಇಲ್ಲವೆಂದು ಅವರಿಗೆ ಅನಿಸುತ್ತಿತ್ತು. ಹೆದರಿಕೆ ಬರುತ್ತಿದ್ದುದು ಚಹಾ ಮುಗಿದ ಮೇಲೆ.

ಆ ದಿನ ಸೊಪ್ಪು, ಶುಂಠಿ ಹಾಕಿದ ನೀರು ಇನ್ನೂ ಬಿಸಿಯೇರುತ್ತಿತ್ತು. ಅಷ್ಟರಲ್ಲಿ ಡಂಗುರದಕ್ಕನ ಕೂಗು ಕೇಳಿಸಿತು. ಆಕೆ ಕಚೇರಿಯಲ್ಲಿ ಫೋನು ನೋಡಿಕೊಳ್ಳುವವಳು. ಆಕೆಯ ಕಿವಿಗೆ ಬಿದ್ದ ಮಾತು ಊಟದ ಹೊತ್ತಿಗೆ ಗೇಟಿನ ನಾಯಿಗೂ ಗೊತ್ತಿರುತ್ತಿತ್ತು.

"ಮಾಸ್ತ್ರೇ, ಎಲ್ಲಿ ಹೋಗಿ ಸತ್ರಿ? ಯಜಮಾನ್ರು ಕರೀತಿದಾರೆ."

ಮಾಸ್ತರರು ತಡಬಡಿಸಿ ಎದ್ದರು. ಘಮ ಹೊರಗೆ ಹೋದೀತೆಂದು ಬಾಟಲಿಯ ಮುಚ್ಚಳ ತಿರುಗಿಸಿ ಗಟ್ಟಿಯಾಗಿ ಬಿಗಿದು ಓಡಿದರು.

ಯಜಮಾನರ ಮುಂದೆ ನಿಂತ ಮೇಲೆಯೇ ಅವರಿಗೆ ಹೊಳೆದದ್ದು: ಕೆಳಗೆ ಬೆಂಕಿ, ಒಳಗೆ ಕುದಿಯುವ ನೀರು, ಮೇಲೆ ಬಿಗಿದ ಮುಚ್ಚಳ. ಅದು ಇನ್ನು ಬಾಟಲಿಯಲ್ಲ, ಬಾಂಬು.

"ಇವತ್ತು ಬೆಂಕಿ ಇಲಾಖೆ ಸಾಹೇಬ್ರು ತಪಾಸಣೆಗೆ ಬರ್ತಾರಂತೆ," ಎಂದರು ಯಜಮಾನರು. "ಒಂದು ಕಿಡಿ ಕಂಡ್ರೂ ಅಡ್ಡೆಗೆ ಬೀಗ. ನೀವೇ ಜೊತೆಗಿದ್ದು ತೋರಿಸ್ಬೇಕು. ನಿಮ್ಮಂಥ ಸಾಧು ಇನ್ನೊಬ್ಬರಿಲ್ಲ."

"ಸಾರ್, ಒಂದು ನಿಮಿಷ ಹಿಂದುಗಡೆ ಹೋಗಿ..."

"ಆಮೇಲೆ ಹೋಗಿ. ಮೊದ್ಲು ಕೇಳಿ."

ಯಜಮಾನರು ಅರ್ಧ ಗಂಟೆ ಪಟ್ಟಿ ಓದಿದರು. ಹೊರಗೆ ಢಂ ಎಂದು ಸದ್ದಾಯಿತು. ಲಾರಿಯಿಂದ ದಿಮ್ಮಿ ಕೆಡವಿದ್ದರು, ಅಷ್ಟೆ. ಆದರೆ ಯಜಮಾನರು ತಲೆಯೆತ್ತಿ ನೋಡಿದಾಗ ಎದುರಿಗೆ ಮಾಸ್ತರರಿರಲಿಲ್ಲ.

"ಮೇಜಿನ ಕೆಳಗೆ ಏನ್ಮಾಡ್ತಿದೀರಿ?"

"ಕಾಲಿನ ಅಳತೆ ತಗೋತಿದ್ದೆ ಸಾರ್. ಮೇಜಿನ ಕಾಲು."

ಯಜಮಾನರು ಅನುಮಾನದಿಂದ ನೋಡುತ್ತಿದ್ದಂತೆಯೇ ಗೇಟಿನಲ್ಲಿ ಜೀಪು ನಿಂತಿತು. ಖಾಕಿ ತೊಟ್ಟ, ಹೆಗಲಿಗೆ ಚೀಲ ಹಾಕಿದ ಸಾಹೇಬರು ಇಳಿದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಮಾಸ್ತರರು ಅವರನ್ನು ಮುಂಬಾಗಿಲಿನ ಸುತ್ತಲೇ ಗಾಣದೆತ್ತಿನಂತೆ ತಿರುಗಿಸಿದರು. ಮರಳಿನ ಬಕೆಟ್ಟುಗಳನ್ನು ತೋರಿಸಿದರು, ಒಮ್ಮೆ ತೋರಿಸಿದ್ದನ್ನೇ ಮತ್ತೊಮ್ಮೆ ತೋರಿಸಿದರು. ಕಿವಿಯೆಲ್ಲ ತೊರೆಯ ಕಡೆಗಿತ್ತು. ಈಗ ಸಿಡಿಯಿತು, ಇನ್ನೇನು ಸಿಡಿಯಿತು. ಹೊಟ್ಟಿನ ರಾಶಿ ಹೊತ್ತುವುದು, ತಾವು ಬಾಚಣಿಗೆಯವನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಲ್ಲುವುದು, ಹೆಂಡತಿ ಬಸ್ಸಿನ ಕಿಟಕಿಯಿಂದ ಅದನ್ನು ನೋಡುವುದು, ಎಲ್ಲ ಕಣ್ಣಿಗೆ ಕಟ್ಟಿತು.

"ಹಿಂದುಗಡೆ ತೋರಿಸ್ಲೇ ಇಲ್ವಲ್ಲ ಮಾಸ್ತ್ರೇ," ಎಂದಳು ಹಿಂದೆಯೇ ಬರುತ್ತಿದ್ದ ಡಂಗುರದಕ್ಕ.

"ಅಲ್ಲಿ ಹಾವಿದೆ."

"ಹಾವಿದ್ರೆ ಅದನ್ನೂ ನೋಡೋಣ," ಎಂದು ಸಾಹೇಬರು ಮುಂದೆ ನಡೆದರು.

ಯಜಮಾನರೂ ಬಂದು ಕೂಡಿಕೊಂಡರು. ಮಾಸ್ತರರು ತೊರೆಯ ದಂಡೆ ತಲುಪಿ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದರು. ಗುಂಡಿಯಿತ್ತು, ಕಲ್ಲುಗಳಿದ್ದವು, ಬೂದಿ ನೆನೆದಿತ್ತು, ಅದರ ಮೇಲೆ ಟೀ ಸೊಪ್ಪು ಚೆಲ್ಲಿತ್ತು. ಬಾಟಲಿ ಇರಲಿಲ್ಲ. ಒಂದು ಉಸಿರಿನಷ್ಟು ಸಮಾಧಾನವಾಯಿತು. ಮರುಕ್ಷಣ ಅದಕ್ಕಿಂತ ದೊಡ್ಡ ಭಯ ಹಿಡಿಯಿತು: ತೆಗೆದುಕೊಂಡು ಹೋದವರು ಯಾರು?

"ಯಾರ ಕೆಲ್ಸ ಇದು?" ಯಜಮಾನರು ಗುಂಡಿಯತ್ತ ಬೆರಳು ಚಾಚಿದರು. "ಮಾಸ್ತ್ರೇ, ನೀವು ಟೀ ಕುಡೀತೀರಾ?"

"ನಾನಾ? ಟೀನಾ? ಅದರ ವಾಸನೆ ಮೂಗಿಗೆ ಬಿದ್ರೆ ತಲೆ ತಿರುಗಿ ಬಿದ್ದುಬಿಡ್ತೀನಿ ಸಾರ್. ಹುಟ್ಟಿದಾಗಿಂದ ಹೀಗೇ. ಬೇಕಾದ್ರೆ ನಮ್ಮಮ್ಮನ್ನ ಕೇಳಿ."

ಸಾಹೇಬರು ತಮ್ಮ ಚೀಲದಿಂದ ಬಾಟಲಿಯನ್ನು ಹೊರತೆಗೆದರು. ಮಸಿ ಹಿಡಿದ ತಮ್ಮ ಬಾಟಲಿಯನ್ನು ಗುರುತು ಹಿಡಿದ ಮಾಸ್ತರರು ಪಕ್ಕದ ಬೇಲಿಗೂಟವನ್ನು ತಬ್ಬಿಕೊಂಡರು.

"ನಾನು ಗೇಟಿಗೆ ಬರೋಕೆ ಮೊದ್ಲು ತೊರೆ ಕಡೆಯಿಂದ ಬಂದಿದ್ದೆ. ಹೇಳಿದ ದಾರಿ ಬಿಟ್ಟು ಬಂದ್ರೇನೇ ತಪಾಸಣೆ. ಇದು ಕೋಗಿಲೆ ಥರ ಕೂಗ್ತಿತ್ತು. ಬೆಂಕಿ ಆರಿಸಿ, ತಣಿಸಿ, ಹುಷಾರಾಗಿ ಬಿಚ್ಚಿದೆ." ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರು. "ಕುಡಿದೂ ನೋಡಿದೆ. ಪರೀಕ್ಷೆಗೋಸ್ಕರ. ಪೂರ್ತಿ ಕುಡಿಯೋಷ್ಟು ಚೆನ್ನಾಗಿತ್ತು."

ಸಾಹೇಬರು ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಎಲ್ಲಾ ಅಡ್ಡೆಗಳಲ್ಲೂ ಜನ ದಿಮ್ಮಿಗಳ ಸಂದೀಲಿ ಕದ್ದು ಬೆಂಕಿ ಹಾಕ್ತಾರೆ. ಇಲ್ಲಿ ಯಾರೋ ಮಾತ್ರ ಒದ್ದೆ ಮರಳು ಹುಡುಕಿ, ನೀರಿಟ್ಟುಕೊಂಡು ಕಾಯಿಸಿದಾರೆ. ನಿಮ್ಮಲ್ಲಿ ಬೆಂಕಿ ಉಸ್ತುವಾರಿಗೆ ಒಬ್ಬರು ಬೇಕು, ಇಲ್ದಿದ್ರೆ ನಾನು ಪರವಾನಗಿ ಕೊಡೋಕಾಗಲ್ಲ. ಇದನ್ನ ಮಾಡಿದವರು ಯಾರು ಹೇಳಿ, ಅವರನ್ನೇ ಮಾಡೋಣ. ಇಲ್ಲೇ ಒಂದು ಶೀಟು ಹಾಕಿಸಿ ಎಲ್ಲರಿಗೂ ಟೀ ಕೊಡಿ."

"ಸಂಬಳಾನೂ ಏರಿಸ್ತೀನಿ," ಎಂದರು ಯಜಮಾನರು, ಬೀಗ ತಪ್ಪಿದ ಖುಷಿಯಲ್ಲಿ.

ಮಾಸ್ತರರ ನಾಲಿಗೆ ತುದಿಗೆ ಮಾತು ಬಂತು. ಆದರೆ ಇದು ಬಲೆಯಿದ್ದರೆ? ಇಲಿಬೋನಿನಲ್ಲಿ ಕೊಬ್ಬರಿ ಇಡುವುದೂ ಹೀಗೇ ಅಲ್ಲವೇ? ಅವರು ತೆರೆದ ಬಾಯಿ ಮುಚ್ಚಿದರು. ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲೇ ದನಿ ಕೇಳಿತು.

"ನಾನೇ ಸಾರ್," ಎಂದಳು ಡಂಗುರದಕ್ಕ, ಸೆರಗು ಸರಿಮಾಡಿಕೊಳ್ಳುತ್ತ. "ಹೇಳಿಕೊಳ್ಳೋ ಸ್ವಭಾವ ನಂದಲ್ಲ."

"ಭೇಷ್. ಆದರೆ ಮುಚ್ಚಳ ಬಿಗಿದದ್ದು ಅಪಾಯ ಆಗಿತ್ತಲ್ಲಮ್ಮ?" ಎಂದರು ಸಾಹೇಬರು.

"ಮುಚ್ಚಳ ನಂದಲ್ಲ ಸಾರ್. ಆಗ ಈ ಕಡೆಯಿಂದ ಮಾಸ್ತ್ರು ಓಡಿಬರೋದು ನೋಡ್ದೆ. ವಾಸನೆ ತಡೀಲಾರದೆ ಮುಚ್ಚಿರ್ಬೇಕು ಪಾಪ."

ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಸಾಹೇಬರು ಕೈಬೆರಳು ಎತ್ತಿ ಉದ್ದನೆಯ ಬುದ್ಧಿಮಾತು ಹೇಳಿದರು. ಮಾಸ್ತರರು ಗೂಟವನ್ನು ಬಿಡದೆಯೇ ತಲೆಯಾಡಿಸಿದರು.

ಸಂಜೆ ಡಂಗುರದಕ್ಕ ಮೆಲ್ಲಗೆ ಅವರ ಹತ್ತಿರ ಬಂದಳು. ಆಕೆ ಮೆಲ್ಲಗೆ ಮಾತಾಡಿದ್ದನ್ನು ಅಡ್ಡೆ ಅದುವರೆಗೆ ಕೇಳಿರಲಿಲ್ಲ.

"ಬಾಟ್ಲಿ ನಿಮ್ದೇ ಅಂತ ನಂಗೊತ್ತು. ನಂಗೆ ಟೀ ಮಾಡೋಕೆ ಬರಲ್ಲ ಮಾಸ್ತ್ರೇ, ನಮ್ಮನೇಲೂ ಅವ್ರೇ ಮಾಡೋದು. ದಿನಾ ನೀವೇ ಕಾಯಿಸಿ. ನನ್ನ ಬಾಯಿ ನಿಮಗೆ ಗೊತ್ತಲ್ಲ, ಸಾಹೇಬ್ರ ಮುಂದೆ ನೀವಾಡಿದ ಸುಳ್ಳು ಜಾರಿದ್ರೆ ಕಷ್ಟ. ಸೊಪ್ಪು ಅಳೆದು ಹಾಕೋದಕ್ಕೆ ನೀವು ಬೇಕು ಅಂತ ಯಜಮಾನ್ರಿಗೆ ಆಗ್ಲೇ ಹೇಳಿದೀನಿ."

"ನನಗೊಂದು ಲೋಟ..."

"ತಲೆ ತಿರುಗಿ ಬೀಳೋರಿಗೆ ಟೀ ಕೊಟ್ರೆ ಪಾಪ ಬರುತ್ತೆ."

ಮರುದಿನ ಹೊಸ ಶೀಟಿನ ಕೆಳಗೆ ಮಾಸ್ತರರು ಬಾಟಲಿ ಇಟ್ಟು, ಮುಚ್ಚಳ ತೆಗೆದು, ಸೊಪ್ಪು, ಶುಂಠಿ ಹಾಕಿದರು. ಕುದಿ ಬಂತು. ಕುಡಿಯುವ ಭಾಗ್ಯವಿಲ್ಲದಿದ್ದರೂ ಘಮವಾದರೂ ನನ್ನದೇ ಎಂದುಕೊಂಡು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳಲು ಹೊರಟರು. ಅಷ್ಟರಲ್ಲಿ ಹಿಂದಿನಿಂದ ಒಂದು ಭಾರವಾದ ಕೈ ಹೆಗಲ ಮೇಲೆ ಬಿತ್ತು.

ಯಜಮಾನರು ನಿಂತಿದ್ದರು. ಕೈಯಲ್ಲಿ ಒದ್ದೆ ಮಾಡಿ ಹಿಂಡಿದ ಒಂದು ದಪ್ಪ ಟವೆಲು.

"ರಾತ್ರಿಯೆಲ್ಲ ನಿಮ್ಮದೇ ಯೋಚನೆ ಕಣ್ರೀ. ಈ ವಾಸನೇಲಿ ನಮಗೋಸ್ಕರ ಇಷ್ಟು ಕಷ್ಟಪಡ್ತಿದೀರಿ," ಎಂದು ಕಳಕಳಿಯಿಂದ ಹೇಳುತ್ತ, ಅವರೇ ತಮ್ಮ ಕೈಯಾರೆ ಮಾಸ್ತರರ ಮೂಗು ಬಾಯಿ ಮುಚ್ಚುವಂತೆ ಟವೆಲನ್ನು ಸುತ್ತಿ, ಹಿಂದೆ ಎರಡು ಗಂಟು ಹಾಕಿದರು.